ಸತ್ತವಳ ವಕಾಲತ್ತು

ಇಲ್ಲಿನ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೇಳಿದರು. ಕಾನೂನು ಓದಲು ಹೊರಟಿರುವ ನಮ್ಮ ಮಕ್ಕಳಿಗೆ ಉಪಯೋಗವಾಗುವಂತೆ ಇರಬೇಕಂತೆ. ಆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ನೆನಪಿಸಿದೆ. ಅಪ್ಪ ಅಮ್ಮ ಓದಿ ಹೇಳುತ್ತಾರೆ ಎಂದರು. ಹಾಗಾದರೆ ಅಪ್ಪ ಅಮ್ಮಂದಿರಿಗೊಂದು ಮಾತು: ಬೇಸರವಾದ ಕಡೆ ಹಾರಿಸಿ ಓದಿ, ಆದರೆ ನಾನು ತಪ್ಪು ಮಾಡಿದ ಭಾಗವನ್ನು ಹಾರಿಸಬೇಡಿ.

ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದಿದವಳು. ಅಲ್ಲಿನ ಕೋರ್ಟಿನಲ್ಲಿ ನಾಲ್ಕು ವರ್ಷ ಹಿರಿಯ ವಕೀಲರೊಬ್ಬರ ಪರವಾಗಿ ಎದ್ದು ನಿಂತು ವಾಯಿದೆ ಕೇಳಿದ್ದೇ ನನ್ನ ಅನುಭವ. ಮದುವೆಯಾಗಿ ಸಿಯಾಟಲ್‌ಗೆ ಬಂದ ಮೇಲೆ ಮತ್ತೆ ಓದಿ, ಮತ್ತೆ ಪರೀಕ್ಷೆ ಬರೆದು, ಹಣ ಕೊಡಲಾಗದವರಿಗೆ ಸರ್ಕಾರದ ವತಿಯಿಂದ ವಕೀಲರನ್ನು ಒದಗಿಸುವ ಕಚೇರಿಯೊಂದಕ್ಕೆ ಸೇರಿದೆ. ಕಳ್ಳತನ, ಹೊಡೆದಾಟದ ಕೇಸುಗಳು ಬೇಕೆಂದು ಕೇಳಿಕೊಂಡಿದ್ದೆ. ಜಾಗ ಖಾಲಿ ಇದ್ದದ್ದು ಬೇರೆ ವಿಭಾಗದಲ್ಲಿ. ಅಲ್ಲೇ ಇಪ್ಪತ್ತಾರು ವರ್ಷ ಕಳೆದೆ.

ಆ ವಿಭಾಗದ ಕೆಲಸ ಇಷ್ಟು. ಒಬ್ಬರ ಮನಸ್ಸು ಕೆಟ್ಟು ಅವರಿಂದ ಅವರಿಗೋ ಬೇರೆಯವರಿಗೋ ಅಪಾಯವಿದೆ ಎಂದು ವೈದ್ಯರು ಬರೆದರೆ, ಅವರನ್ನು ಒಪ್ಪಿಗೆಯಿಲ್ಲದೆ ಆಸ್ಪತ್ರೆಯಲ್ಲಿ ಇರಿಸಬಹುದು. ಆದರೆ ಕೆಲವೇ ದಿನ. ಅದಕ್ಕಿಂತ ಹೆಚ್ಚು ಇರಿಸಬೇಕಾದರೆ ನ್ಯಾಯಾಧೀಶರ ಮುಂದೆ ವಿಚಾರಣೆ ಆಗಬೇಕು. ಆಸ್ಪತ್ರೆಯ ಪರವಾಗಿ ಸರ್ಕಾರಿ ವಕೀಲರು ಇರುತ್ತಾರೆ. ರೋಗಿಯ ಪರವಾಗಿ ನಾನಿರುತ್ತಿದ್ದೆ. ಪಕ್ಕದ ಊರು ಬೆಲ್‌ವ್ಯೂದಲ್ಲಿ ನಮ್ಮವರ ಊಟದ ಕೂಟಗಳಲ್ಲಿ ನನ್ನನ್ನು ‘ಇವರು ಹುಚ್ಚಾಸ್ಪತ್ರೆ ಲಾಯರ್’ ಎಂದು ಪರಿಚಯ ಮಾಡಿಕೊಡುತ್ತಿದ್ದರು. ಕೇಳಿಸಿಕೊಂಡವರು ಸಂತೋಷ ಎಂದು ಹೇಳಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ವಿಭಾಗದ ಮುಖ್ಯಸ್ಥೆ ಡೋರಿಸ್. ಎತ್ತರದ ಹೆಂಗಸು, ಮಧ್ಯಾಹ್ನದ ಊಟವನ್ನು ನಿಂತೇ ಮಾಡುತ್ತಿದ್ದರು. ಮೊದಲ ದಿನ ನನಗೆ ಮೂರು ಮಾತು ಹೇಳಿಕೊಟ್ಟರು. ಕುತ್ತಿಗೆಯಲ್ಲಿ ಎಳೆಯಲು ಸಿಗುವಂಥದ್ದೇನನ್ನೂ ಹಾಕಿಕೊಳ್ಳಬೇಡ. ‘ಹೇಗಿದ್ದೀರಿ’ ಎಂದು ಕೇಳಬೇಡ, ಅವರನ್ನು ಬಾಗಿಲು ಹಾಕಿ ಕೂಡಿಸಿದ್ದಾರೆ. ಕಕ್ಷಿದಾರರಿಗೆ ಯಾವುದು ಒಳ್ಳೆಯದು ಎಂದು ಯೋಚಿಸಬೇಡ, ಅವರಿಗೆ ಏನು ಬೇಕು ಎಂದು ಕೇಳಿ ಅದನ್ನು ವಾದಿಸು. ಮೊದಲನೆಯದಕ್ಕಾಗಿ ಮಂಗಳಸೂತ್ರವನ್ನು ಕಚೇರಿಯ ಡ್ರಾಯರಿನಲ್ಲಿ ಇಡಲು ಶುರುಮಾಡಿದೆ. ಎರಡನೆಯದು ಒಂದು ವಾರದಲ್ಲಿ ರೂಢಿಯಾಯಿತು. ಮೂರನೆಯದನ್ನು ನಾನು ಕಲಿಯಲು ಒಬ್ಬ ಪಿಯಾನೋ ಟೀಚರ್ ಹದಿಮೂರು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು.

ಅವರಿಗೆ ಎಪ್ಪತ್ತು ದಾಟಿತ್ತು. ಮರ್ಸರ್ ಐಲ್ಯಾಂಡಿನಲ್ಲಿ ಒಬ್ಬರೇ ಇದ್ದರು. ಮನೆಗೆ ಜನ ನುಗ್ಗಿ ತಮ್ಮ ಪಿಯಾನೋ ಹೊತ್ತುಕೊಂಡು ಹೋದರೆಂದು ಬೀದಿಯಲ್ಲಿ ನಿಂತು ಕೂಗಾಡಿದ್ದರು, ಬಂದ ಪೊಲೀಸರನ್ನು ಛತ್ರಿಯಿಂದ ಚುಚ್ಚಿದ್ದರು. ವೈದ್ಯರು ಅದನ್ನು ಭ್ರಮೆ ಎಂದು ಬರೆದಿದ್ದರು. ಪಿಯಾನೋವನ್ನು ಯಾರು ಕದಿಯುತ್ತಾರೆ ಎಂದು ನನಗೂ ಅನಿಸಿತು. ಅವರು ಸರಿಯಾಗಿ ಊಟ ಮಾಡಿದಂತೆ ಕಾಣಲಿಲ್ಲ. ಎರಡು ವಾರ ಇಲ್ಲಿದ್ದು ಚೇತರಿಸಿಕೊಳ್ಳಲಿ ಎಂದುಕೊಂಡೆ. ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮೆತ್ತಗೆ ಕೇಳಿದೆ. ವೈದ್ಯರೇ ನನ್ನನ್ನು ನೋಡಿ ಮುಗುಳ್ನಕ್ಕರು. ನ್ಯಾಯಾಧೀಶರು ಹದಿನಾಲ್ಕು ದಿನ ಇರಿಸಲು ಆದೇಶ ಕೊಟ್ಟರು.

ಹೊರಗೆ ಬಂದಾಗ ಆಕೆ ನನ್ನನ್ನು ಕೇಳಿದರು: “ತುಂಬಾ ಚೆನ್ನಾಗಿ ಮಾತಾಡಿದಿರಿ. ಯಾರ ಪರವಾಗಿ?”

ಈ ಮಾತನ್ನು ಡೋರಿಸ್‌ಗೆ ತಮಾಷೆ ಎಂಬಂತೆ ಹೇಳಿದೆ. ಅವರು ನಗಲಿಲ್ಲ. ನೆರೆಮನೆಯವರಿಗೆ ಫೋನ್ ಮಾಡಿದ್ದೆಯಾ ಎಂದು ಕೇಳಿದರು. ಮಾಡಿರಲಿಲ್ಲ. ಅಲ್ಲೇ ನಿಂತು ಮಾಡಿಸಿದರು. ಎದುರು ಮನೆಯಾಕೆ ಫೋನ್ ಎತ್ತಿದವರೇ ಹೇಳಿದರು: ಹೌದು, ಟೀಚರ್ ಡಾಕ್ಟರ ಹತ್ತಿರ ಹೋಗಿದ್ದಾಗ ಅವರ ಅಣ್ಣನ ಮಗ ಲಾರಿ ತಂದು ಪಿಯಾನೋ ಸಾಗಿಸಿದ, ಹೊರುವಾಗ ನಮ್ಮ ಬೇಲಿಯನ್ನೂ ಮುರಿದ, ನೀವು ಬೇಲಿಯ ವಿಷಯಕ್ಕೆ ಫೋನ್ ಮಾಡಿದಿರಾ?

ಬೇಲಿಯ ವಿಷಯಕ್ಕಲ್ಲ ಎಂದೆ. ಮರುದಿನವೇ ಆದೇಶ ಬದಲಿಸಲು ಅರ್ಜಿ ಹಾಕಿದೆ. ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಹದಿಮೂರನೆಯ ದಿನ ಮುಗಿದಿತ್ತು. ಒಂದು ದಿನ ಮೊದಲೇ ಅವರನ್ನು ಬಿಡಿಸಿದ ಕೀರ್ತಿ ನನ್ನದು. ಆ ಹದಿಮೂರು ದಿನ ಅವರು ಇಲ್ಲದ ಪಿಯಾನೋ ಇದೆ ಎಂದು ಹೇಳುತ್ತಿರಲಿಲ್ಲ, ಇದ್ದ ಪಿಯಾನೋ ಇಲ್ಲ ಎಂದು ಹೇಳುತ್ತಿದ್ದರು. ಎರಡಕ್ಕೂ ನಾವು ಭ್ರಮೆ ಎಂಬ ಒಂದೇ ಹೆಸರು ಬರೆದಿದ್ದೆವು. ಕ್ಷಮೆ ಕೇಳಲು ಹೋದಾಗ ಅವರು ಕೈಚೀಲ ಹುಡುಕುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಆಮೇಲಿನ ವರ್ಷಗಳಲ್ಲಿ ವಿಚಾರಣೆಗೆ ಮೊದಲು ಎರಡು ಫೋನ್ ಮಾಡದೆ ನಾನು ಒಳಗೆ ಹೋಗಲಿಲ್ಲ. ಇದನ್ನು ಯಾರೂ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ಕೆಲಸದ ವಿಧಾನವೂ ಬದಲಾಗುತ್ತ ಬಂತು. ಮೊದಲು ವಿಚಾರಣೆಗಳು ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು, ನ್ಯಾಯಾಧೀಶರ ಕೆಮ್ಮು ಕೂಡ ಎಲ್ಲರಿಗೂ ಕೇಳಿಸುತ್ತಿತ್ತು. ಆಮೇಲೆ ವಿಡಿಯೋ ಪರದೆ ಬಂತು. ರೋಗಿ ಮತ್ತು ನಾನು ಆಸ್ಪತ್ರೆಯಲ್ಲಿ, ನ್ಯಾಯಾಧೀಶರು ಕೋರ್ಟಿನಲ್ಲಿ. ನನ್ನ ಕಕ್ಷಿದಾರರೊಬ್ಬರು ನ್ಯಾಯಾಧೀಶರನ್ನು ಐದು ನಿಮಿಷ ನೋಡಿ, ಬೇರೆ ಚಾನೆಲ್ ಹಾಕಿ ಎಂದು ಕೇಳಿದರು. ಇದನ್ನು ಅವರ ಕಾಯಿಲೆಯ ಲಕ್ಷಣ ಎಂದು ಆಸ್ಪತ್ರೆಯವರು ಬರೆದುಕೊಂಡರು. ಆ ನ್ಯಾಯಾಧೀಶರ ವಿಚಾರಣೆಗಳಲ್ಲಿ ಹಲವು ವರ್ಷ ಕೂತಿದ್ದ ನಾನು ಹಾಗೆ ಬರೆಯುತ್ತಿರಲಿಲ್ಲ. ಇನ್ನೊಮ್ಮೆ ಅದೇ ನ್ಯಾಯಾಧೀಶರು ತಮ್ಮ ಧ್ವನಿ ಆಫ್ ಆಗಿರುವುದು ಗೊತ್ತಾಗದೆ ಪೂರ್ತಿ ತೀರ್ಪು ಓದಿದರು. ತುಟಿ ಅಲ್ಲಾಡಿದ್ದನ್ನು ನೋಡಿದ ಕಕ್ಷಿದಾರಳು ಗೆದ್ದೆ ಎಂದುಕೊಂಡು ನನ್ನ ಕೈ ಕುಲುಕಿದಳು. ಎರಡನೆಯ ಸಲ ಓದಿದಾಗ ಸೋತಿದ್ದಳು.

ಇನ್ನು ರೇಣುಕಾಳ ಕೇಸು. ಅವಳು ಬಾಗಲಕೋಟೆ ಕಡೆಯವಳು. ಬೆಲ್‌ವ್ಯೂದ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಗಂಡ ಮತ್ತು ಆರು ವರ್ಷದ ಮಗಳ ಜೊತೆ ಇದ್ದಳು, ಅಮೆರಿಕಕ್ಕೆ ಬಂದು ಐದು ತಿಂಗಳಾಗಿತ್ತು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ವಾರ ಅವಳಿಗೆ ಜ್ವರ, ನಿದ್ದೆಯಿಲ್ಲ. ಮಗಳು ಬಾಲ್ಕನಿಯ ಕಂಬಿ ಹತ್ತಿದ್ದನ್ನು ನೋಡಿ ಜೋರಾಗಿ ಬೈದು ಎಳೆದುಕೊಂಡಳು. ಕೆಳಗಿನ ಮನೆಯವರು ಪೊಲೀಸರನ್ನು ಕರೆದರು. ಬೈದದ್ದು ಏನೆಂದು ಕೇಳಿದಾಗ ಮಗಳೇ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು: ಅಮ್ಮ ನನ್ನ ಚರ್ಮ ಸುಲಿಯುತ್ತಾಳಂತೆ, ಆಮೇಲೆ ತಾನೂ ಸಾಯುತ್ತಾಳಂತೆ. ಅನುವಾದದಲ್ಲಿ ತಪ್ಪಿರಲಿಲ್ಲ. ಪೊಲೀಸರು ರೇಣುಕಾಳನ್ನು ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಯ ಕಾಗದದಲ್ಲಿ ಭಾಷೆ ಎಂಬ ಜಾಗದಲ್ಲಿ ‘ಕೆನಡಿಯನ್’ ಎಂದಿತ್ತು. ಅದು ತಪ್ಪೆಂದು ಯಾರಿಗೋ ಹೊಳೆದು, ಫೋನಿನಲ್ಲಿ ತೆಲುಗು ದುಭಾಷಿಯನ್ನು ಕರೆಸಿದ್ದರು. ಅವರು ಕೈಲಾದಷ್ಟು ಹೇಳಿದ್ದರು. ರೋಗಿಯ ಉತ್ತರಗಳು ಅಸಂಬದ್ಧ ಎಂದು ವೈದ್ಯರು ಬರೆದಿದ್ದರು.

ನನ್ನ ಕಷ್ಟ ಏನೆಂದರೆ, ಆ ಕೋರ್ಟಿನಲ್ಲಿ ನಡೆದದ್ದೆಲ್ಲ ತಪ್ಪೆಂದು ಗೊತ್ತಿದ್ದವಳು ನಾನೊಬ್ಬಳೇ, ಮತ್ತು ಅದನ್ನು ಹೇಳುವ ಹಕ್ಕು ನನಗಿರಲಿಲ್ಲ. ವಕೀಲರು ತಮ್ಮ ಕೇಸಿನಲ್ಲಿ ಸಾಕ್ಷಿಯೂ ಆಗಬಾರದು, ದುಭಾಷಿಯೂ ಆಗಬಾರದು. ರೇಣುಕಾಗೆ ಇದು ಅರ್ಥವಾಗಲಿಲ್ಲ.

“ಅಕ್ಕಾರ, ನಿಮಗ ಕನ್ನಡ ಬರ್ತೈತಿ. ನಮ್ಮ ಕಡೀ ಮಾತೂ ಬರ್ತೈತಿ. ಆ ಜಡ್ಜಗ ನೀವ ಹೇಳಿಬಿಡ್ರಿ, ಇದು ಬೈಗಳ ಅಂತ.”

“ನಾ ಹೇಳಿದ್ರ ನಾಳೆ ಈ ಕೇಸಿನಿಂದ ನನ್ನ ತಗೀತಾರ, ರೇಣುಕಾ. ಇನ್ನೊಂದು ದಿನ ತಡಿ. ಕನ್ನಡದವರನ್ನ ಹುಡುಕಿಸ್ತೀನಿ.”

“ಇನ್ನೊಂದು ದಿನ ಅಂದ್ರ ನನ್ನ ಕೂಸು ಯಾರ ಹಂತ್ಯಾಕ ಮಲಗಬೇಕ್ರಿ?”

ಮಗಳನ್ನು ಆ ದಿನ ಪರಿಚಯವಿಲ್ಲದ ಮನೆಯೊಂದರಲ್ಲಿ ಇರಿಸಿದ್ದರು. ವಾಯಿದೆ ಕೇಳಿದೆ. ಹುಬ್ಬಳ್ಳಿಯ ನಾಲ್ಕು ವರ್ಷ ಆ ದಿನ ಉಪಯೋಗಕ್ಕೆ ಬಂತು. ರೇಣುಕಾ ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ಸಿಕ್ಕ ದುಭಾಷಿ ಮೈಸೂರಿನವರು, ತುಂಬಾ ಸಭ್ಯರು. ಬಾಗಲಕೋಟೆಯ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೆ ತಿಳಿಯದಿದ್ದಾಗ ತಿಳಿಯಲಿಲ್ಲ ಎಂದು ಹೇಳಿ ಮತ್ತೆ ಕೇಳುತ್ತಿದ್ದರು. ಅಷ್ಟು ಸಾಕಾಯಿತು. ಚರ್ಮ ಸುಲಿಯುತ್ತೇನೆ ಎಂದರೆ ಏನು ಎಂದು ನಾನು ರೇಣುಕಾಳನ್ನೇ ಕೇಳಿದೆ. ನಮ್ಮವ್ವ ನನಗ ದಿನಾ ಅಂತಿದ್ಲು, ಇನ್ನೂ ಚರ್ಮ ಐತಿ ನೋಡ್ರಿ ಎಂದು ಅವಳು ನ್ಯಾಯಾಧೀಶರಿಗೆ ಮುಂಗೈ ತೋರಿಸಿದಳು. ದುಭಾಷಿಗಳು ಅದನ್ನು ಗಂಭೀರವಾಗಿ ಇಂಗ್ಲಿಷಿಗೆ ತಿರುಗಿಸಿದರು. ಸಂಜೆಯೊಳಗೆ ಅವಳು ಮನೆಯಲ್ಲಿದ್ದಳು, ಮಗಳೂ ಬಂದಿದ್ದಳು. ವಾರದ ನಂತರ ಗಂಡ ಫೋನ್ ಮಾಡಿ ನನಗೆ ಥ್ಯಾಂಕ್ಸ್ ಹೇಳಿದ. ರೇಣುಕಾ ಏನಂತಾಳೆ ಎಂದು ಕೇಳಿದೆ. “ಮೇಡಂ, ಅವ್ಳಿಗೆ ಆ ಒಂದು ದಿನದ್ದು ಸಿಟ್ಟು ಇನ್ನೂ ಹೋಗಿಲ್ಲ,” ಎಂದ. ಹೋಗಬೇಕಾಗಿಯೂ ಇಲ್ಲ.

ಈಗ ಕೊನೆಯ ಕೇಸು. ನಾನು ನಿವೃತ್ತಳಾಗಲು ಎರಡು ವರ್ಷವಿತ್ತು, ಡೋರಿಸ್ ಆಗಲೇ ನಿವೃತ್ತರಾಗಿದ್ದರು. ಸಿಯಾಟಲ್ ಪಕ್ಕದ ಟಕ್ವಿಲಾದ ಗೋದಾಮೊಂದರಲ್ಲಿ ಮೇಲ್ವಿಚಾರಕಿಯಾಗಿದ್ದ ಕ್ಯಾರಲ್ ಎಂಬ ಹೆಂಗಸು ಕೆಲಸದ ಬೂಟಿನಲ್ಲೇ ಕಚೇರಿಗೆ ಬಂದರು. ಅರವತ್ತು ದಾಟಿದವರು. ತಮ್ಮ ಮುತ್ತಜ್ಜಿಗೆ ವಕೀಲರು ಬೇಕು ಎಂದರು. ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳಿ ಪೆನ್ನು ತೆಗೆದೆ. ಸತ್ತು ಹೆಚ್ಚುಕಡಿಮೆ ನೂರು ವರ್ಷವಾಗಿದೆ ಎಂದರು. ಪೆನ್ನು ಕೆಳಗಿಟ್ಟೆ.

ಮುತ್ತಜ್ಜಿಯ ಹೆಸರು ಹನ್ನಾ. ಆಕೆ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹಡಗಿನವನೊಬ್ಬನ ಜೊತೆ ಓಡಿಹೋದಳು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಹನ್ನಾಳ ಮಗಳು, ಎಂದರೆ ಕ್ಯಾರಲ್‌ರ ಅಜ್ಜಿ, ತಾಯಿಯ ಹೆಸರನ್ನು ಯಾರೂ ಎತ್ತದಂತೆ ನೋಡಿಕೊಂಡಿದ್ದರು, ಆ ಸಿಟ್ಟಿನಲ್ಲೇ ತೀರಿಕೊಂಡಿದ್ದರು. ಕ್ಯಾರಲ್ ಬೇರೇನೋ ಹುಡುಕುತ್ತಾ ಹಳೆಯ ಸರ್ಕಾರಿ ದಾಖಲೆಗಳಲ್ಲಿ ಒಂದು ಹಾಳೆ ನೋಡಿದರು. ಹನ್ನಾ ಯಾವ ಹಡಗಿನವನ ಜೊತೆಯೂ ಹೋಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವಳನ್ನು ದಕ್ಷಿಣದ ಕಡೆಯ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಸಿದ್ದರು.

ಆ ಹಾಳೆಯನ್ನು ನನ್ನ ಮುಂದಿಟ್ಟರು. ಗಂಡನ ಅರ್ಜಿ, ಇಬ್ಬರು ವೈದ್ಯರ ಅಭಿಪ್ರಾಯ, ನ್ಯಾಯಾಧೀಶರ ಸಹಿ, ಎಲ್ಲ ಒಂದೇ ದಿನದ್ದು. ಕಾರಣಗಳು ಮೂರು: ಮನೆಗೆಲಸದಲ್ಲಿ ಉದಾಸೀನ, ಗಂಡನಿಗೆ ಎದುರುತ್ತರ, ಒಬ್ಬಳೇ ಸಮುದ್ರದ ದಂಡೆಗೆ ನಡೆದುಹೋಗುವುದು. ‘ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುತ್ತಾಳೆ, ಆದರೆ ಕೋಪದಿಂದ’ ಎಂದು ಒಬ್ಬ ವೈದ್ಯರು ಬರೆದಿದ್ದರು. ಅವಳ ಪರವಾಗಿ ಯಾರು ಹಾಜರಿದ್ದರು ಎಂದು ಹುಡುಕಿದೆ. ಹಾಗೆ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ.

ಆಸ್ಪತ್ರೆಯ ಕಡತ ನೋಡಬೇಕು, ಎಲ್ಲಿ ಹೂತಿದ್ದಾರೆ ಗೊತ್ತಾಗಬೇಕು, ಕಲ್ಲಿನ ಮೇಲೆ ಹೆಸರು ಹಾಕಿಸಬೇಕು, ಇಷ್ಟು ಕ್ಯಾರಲ್‌ರ ಬೇಡಿಕೆ. ಅಲ್ಲಿನ ಗೋರಿಗಳ ಮೇಲೆ ಬರೀ ಸಂಖ್ಯೆ ಕೆತ್ತಿದ್ದರು. ಯಾವ ಸಂಖ್ಯೆ ಯಾರದೆಂದು ಹೇಳಲು ಬರುವುದಿಲ್ಲ, ರೋಗಿಯ ಮಾಹಿತಿ ಗೋಪ್ಯ ಎಂದು ಆಸ್ಪತ್ರೆಯಿಂದ ಉತ್ತರ ಬಂದಿತ್ತು.

ನಮ್ಮ ಹೊಸ ಮುಖ್ಯಸ್ಥರು ಇದು ಕಚೇರಿಯ ಕೆಲಸವಲ್ಲ, ಬೇಕಾದರೆ ನಿಮ್ಮ ರಜೆಯಲ್ಲಿ ಮಾಡಿ ಎಂದರು. ಅವರು ಹೇಳಿದ್ದು ಸರಿಯೇ. ಡೋರಿಸ್‌ಗೆ ಫೋನ್ ಮಾಡಿ, ಸತ್ತವಳು ಕಕ್ಷಿದಾರಳಾಗಬಹುದೇ ಎಂದು ಕೇಳಿದೆ. ಬದುಕಿರುವವರಿಗಿಂತ ಕಡಿಮೆ ತೊಂದರೆ ಕೊಡುತ್ತಾಳೆ, ತೆಗೆದುಕೋ ಎಂದರು.

ಕಡತ ತೆರೆಸಲು ಕ್ಯಾರಲ್‌ರ ಹೆಸರಿನಲ್ಲಿ ಅರ್ಜಿ ಹಾಕಿದೆ. ಸರ್ಕಾರದ ಪರವಾಗಿ ಬಂದ ವಕೀಲೆ ಚುರುಕಾದ ಹುಡುಗಿ. ರೋಗಿಯ ಒಪ್ಪಿಗೆ ಇಲ್ಲ ಎಂದು ಆಕ್ಷೇಪಿಸಿದಳು. ಒಪ್ಪಿಗೆ ಕೇಳಿದಿರಾ ಎಂದು ನ್ಯಾಯಾಧೀಶರು ಕೇಳಿದರು. ನ್ಯಾಯಾಧೀಶರು ನನ್ನ ಮಗನ ವಯಸ್ಸಿನವರು, ಮುಖದಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ಅವಳು ಇಲ್ಲ ಎಂದಳು. ಸೇರಿಸಿದಾಗಲೂ ಕೇಳಿರಲಿಲ್ಲ ಎಂದು ನಾನು ಹೇಳಿದೆ. ಕಡತ ತೆರೆಯಲು ಆದೇಶವಾಯಿತು.

ಅದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಕ್ಯಾರಲ್ ಒಂದು ದಿನ ರಜೆ ಹಾಕಿ ಬಂದರು, ನನ್ನ ಮೇಜಿನ ಮೇಲೆ ಇಬ್ಬರೂ ಓದಿದೆವು. ಸೇರಿದ ಎರಡನೆಯ ವರ್ಷವೇ ಹನ್ನಾ ಆರೋಗ್ಯವಾಗಿದ್ದಾಳೆ, ಮನೆಗೆ ಕರೆದುಕೊಂಡು ಹೋಗಬಹುದು ಎಂದು ಗಂಡನಿಗೆ ಕಾಗದ ಹೋಗಿತ್ತು. ಉತ್ತರ ಬಂದಿರಲಿಲ್ಲ. ಅದಾದ ಮೇಲೆ ಮೂವತ್ತು ವರ್ಷ ಒಂದೇ ವಾಕ್ಯ: ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ತೊಂದರೆ ಇಲ್ಲ. ಕೊನೆಗೆ ಸಾವಿನ ದಾಖಲೆ, ಗೋರಿಯ ಸಂಖ್ಯೆ.

ತಳದಲ್ಲಿ ಏಳು ಕಾಗದಗಳಿದ್ದವು, ಹನ್ನಾ ಬರೆದವು. ಏಳೂ ಅವಳನ್ನು ಸೇರಿಸಿದ್ದ ನಮ್ಮದೇ ಕೋರ್ಟಿನ ನ್ಯಾಯಾಧೀಶರಿಗೆ ಬರೆದವು. ಮೊದಲನೆಯ ಕಾಗದದ ಮೇಲಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಅಕ್ಷರ ಅಚ್ಚುಕಟ್ಟಾಗಿದೆ. ಕಳಿಸುವ ಅಗತ್ಯವಿಲ್ಲ’ ಎಂದು ಬರೆದಿದ್ದರು. ಅದರ ಕೆಳಗೆ ಹನ್ನಾ ಬರೆದದ್ದು ಹೀಗಿತ್ತು: ‘ನನ್ನ ಗಂಡ ಮಾತಾಡಿದರು. ಇಬ್ಬರು ವೈದ್ಯರು ಮಾತಾಡಿದರು. ನಾನು ಮಾತಾಡುವ ಸರದಿ ಇನ್ನೂ ಬಂದಿಲ್ಲ. ದಯವಿಟ್ಟು ಒಂದು ದಿನ ಗೊತ್ತು ಮಾಡಿ. ನನಗೆ ಕಾನೂನು ಗೊತ್ತಿಲ್ಲ, ಗೊತ್ತಿರುವವರನ್ನು ಯಾರನ್ನಾದರೂ ಕಳಿಸಿದರೆ ಉಪಕಾರ.’ ಇಪ್ಪತ್ತಾರು ವರ್ಷ ಅರ್ಜಿ ಬರೆದಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಒಂದನ್ನೂ ಬರೆದಿಲ್ಲ.

ಕ್ಯಾರಲ್ ನಾಲ್ಕನೆಯ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅದರಲ್ಲಿ ಹನ್ನಾ ತನ್ನ ಮಗಳಿಗೆ ಆ ತಿಂಗಳು ಒಂಬತ್ತು ತುಂಬುತ್ತದೆ ಎಂದು ಬರೆದಿದ್ದಳು. ನಾನು ಎಲ್ಲಿದ್ದೇನೆಂದು ಅವಳಿಗೆ ಏನು ಹೇಳಿದ್ದಾರೋ, ಸುಳ್ಳು ಹೇಳಿದ್ದರೆ ದಯವಿಟ್ಟು ಸರಿಪಡಿಸಿ ಎಂದು ನ್ಯಾಯಾಧೀಶರನ್ನು ಕೇಳಿಕೊಂಡಿದ್ದಳು.

“ನನ್ನಜ್ಜಿ ತೊಂಬತ್ತರ ಹತ್ತಿರ ಬದುಕಿದ್ದರು,” ಎಂದರು ಕ್ಯಾರಲ್. “ಸರಿಪಡಿಸೋಕೆ ಎಷ್ಟೊಂದು ಟೈಮ್ ಇತ್ತು.”

ಪೆಟ್ಟಿಗೆಯ ಮುಚ್ಚಳ ಹಾಕಿ ಕ್ಯಾರಲ್ ಹೊಸ ಬೇಡಿಕೆ ಇಟ್ಟರು. ಅವಳನ್ನು ಸೇರಿಸಿದ ಆದೇಶವನ್ನೇ ರದ್ದು ಮಾಡಿಸಬೇಕು. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಹೇಳಿದೆ. ನನಗೇನು ಬೇಕು ಎಂದು ಕೇಳಿದ್ದು ನೀವೇ ಎಂದರು. ಅರ್ಜಿ ಹಾಕಿದೆ, ಏಳು ಕಾಗದಗಳನ್ನೂ ಜೊತೆಗಿಟ್ಟೆ.

ವಿಚಾರಣೆಯ ದಿನ ಡೋರಿಸ್ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ಮೊದಲ ಕಾಗದವನ್ನು ಪೂರ್ತಿ ಓದಿದೆ. ಓದಲು ಒಂದು ನಿಮಿಷವೂ ಬೇಕಾಗಲಿಲ್ಲ. ನ್ಯಾಯಾಧೀಶರು ಇಷ್ಟು ಹಳೆಯ ಆದೇಶವನ್ನು ರದ್ದು ಮಾಡುವ ಅಧಿಕಾರ ತಮಗಿಲ್ಲ ಎಂದರು. ಕ್ಯಾರಲ್ ತಲೆ ತಗ್ಗಿಸಿದರು. ಆದರೆ, ಎಂದು ನ್ಯಾಯಾಧೀಶರು ಮುಂದುವರಿಸಿದರು, ಈ ಕೋರ್ಟಿಗೆ ಬರೆದ ಏಳು ಕಾಗದಗಳು ಈ ಕೋರ್ಟಿಗೆ ತಲುಪಿರಲಿಲ್ಲ. ಈಗ ತಲುಪಿವೆ. ಅವನ್ನು ಸ್ವೀಕರಿಸಲು ಯಾರದಾದರೂ ಆಕ್ಷೇಪಣೆ ಇದೆಯೇ?

ಸರ್ಕಾರಿ ವಕೀಲೆ ಎದ್ದಳು. ತಡವಾಗಿದೆ ಎಂದು ಆಕ್ಷೇಪಿಸಬಹುದಿತ್ತು, ಆದರೆ ತಡ ಮಾಡಿದವರು ಅವಳ ಕಕ್ಷಿದಾರರೇ. ಇಲ್ಲ ಎಂದು ಹೇಳಿ ಕೂತಳು. ನ್ಯಾಯಾಧೀಶರು ಹನ್ನಾಳ ಏಳು ಕಾಗದಗಳನ್ನೂ ಅವಳ ಹೆಸರಿನಲ್ಲೇ ಅರ್ಜಿಗಳೆಂದು ದಾಖಲಿಸಲು, ಗೋರಿಯ ಮೇಲೆ ಹೆಸರು ಹಾಕಿಸಲು ಆದೇಶ ಕೊಟ್ಟರು. ಡೋರಿಸ್ ಒಂದು ತಪ್ಪನ್ನೂ ಎತ್ತಿ ತೋರಿಸದೆ ಎದ್ದುಹೋದರು. ಅವರನ್ನು ಬಲ್ಲವಳಾದ್ದರಿಂದ ನನಗೆ ಸಂತೋಷವಾಯಿತು.

ದಾಖಲಿಸುವ ಕೌಂಟರಿನಲ್ಲಿ ಅರ್ಧ ಗಂಟೆ ಹಿಡಿಯಿತು. ಹಳೆಯ ಕೇಸಿಗೆ ಕಂಪ್ಯೂಟರಿನಲ್ಲಿ ನಂಬರೇ ಇರಲಿಲ್ಲ, ಹೊಸದು ಕೊಡಬೇಕಾಯಿತು. ಹುಟ್ಟಿದ ವರ್ಷ ಸಾವಿರದ ಒಂಬೈನೂರಕ್ಕಿಂತ ಹಿಂದಿನದನ್ನು ಕಂಪ್ಯೂಟರ್ ಒಪ್ಪಲಿಲ್ಲ. ಗುಮಾಸ್ತೆ ಒಪ್ಪುವ ಮೊದಲ ವರ್ಷವನ್ನೇ ಹಾಕಿದಳು. ಹನ್ನಾ ಆಸ್ಪತ್ರೆಗೆ ಸೇರಿದ ಮೇಲೆ ಹುಟ್ಟಿದಳು ಎಂದು ಈಗ ದಾಖಲೆಯಲ್ಲಿದೆ. ಅರ್ಜಿದಾರಳ ವಿಳಾಸ ಎಂದು ಕೇಳಿದಾಗ ನಾನು ಗೋರಿಯ ಸಂಖ್ಯೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕ್ಯಾರಲ್ ತಮ್ಮ ಟಕ್ವಿಲಾದ ಮನೆಯ ವಿಳಾಸ ಹೇಳಿದರು. ಏಳು ಕಾಗದಗಳಿಗೂ ಒಂದೊಂದಾಗಿ ಆ ದಿನದ ಮುದ್ರೆ ಬಿತ್ತು.

ಹತ್ತು ದಿನದ ನಂತರ ಕ್ಯಾರಲ್ ಫೋನ್ ಮಾಡಿದರು. ಕೋರ್ಟಿನಿಂದ ಹನ್ನಾಳ ಹೆಸರಿಗೆ ಒಂದು ಲಕೋಟೆ ಬಂದಿದೆ ಎಂದರು. ಹೊಸ ಅರ್ಜಿ ದಾಖಲಾದರೆ ಕಂಪ್ಯೂಟರ್ ತಾನಾಗಿ ಕಳಿಸುವ ಕಾಗದ ಅದು, ಎಲ್ಲರಿಗೂ ಹೋಗುತ್ತದೆ, ನನ್ನ ಕಕ್ಷಿದಾರರು ಸಾಮಾನ್ಯವಾಗಿ ಕಸಕ್ಕೆ ಹಾಕುತ್ತಾರೆ. ಅವರು ಓದಿದರು: ನಿಮ್ಮ ಅರ್ಜಿ ತಲುಪಿದೆ. ವಿಚಾರಣೆಯಲ್ಲಿ ಮಾತಾಡುವ ಹಕ್ಕು ನಿಮಗಿದೆ. ವಕೀಲರು ಇಲ್ಲದಿದ್ದರೆ ತಿಳಿಸಿ, ನೇಮಿಸಲಾಗುವುದು.

ಇದಕ್ಕೆ ಉತ್ತರ ಕಳಿಸಬೇಕೇ ಎಂದು ಕ್ಯಾರಲ್ ಕೇಳಿದರು. ಬೇಡ ಎಂದೆ.

“ಹಾಗಾದರೆ ಶನಿವಾರ ಬನ್ನಿ,” ಎಂದರು. “ಕಲ್ಲು ನೆಡುತ್ತಾರೆ. ಇದನ್ನು ಅಲ್ಲಿ ಓದಬೇಕು. ಲಕೋಟೆ ಅವಳದು.”

ಹೋದೆ. ಅವರು ಗಟ್ಟಿಯಾಗಿ, ಕೊನೆಯ ಸಾಲಿನ ಫೋನ್ ನಂಬರಿನವರೆಗೂ ಓದಿದರು.